ಕುದುರೆ ತೂಕದ ಟೇಪು: ಕೊಳ್ಳಿ, ಆದರೆ ಕೆಜಿ ಬದಿಯನ್ನು ನಂಬಬೇಡಿ

ನೋಡೋಕೆ ದರ್ಜಿ ಟೇಪಿನ ದೊಡ್ಡಣ್ಣ. ಪ್ಲಾಸ್ಟಿಕ್ ಲೇಪದ ಉದ್ದನೆಯ ಪಟ್ಟಿ, ಒಂದು ಬದಿಯಲ್ಲಿ ಸೆಂಟಿಮೀಟರ್, ಇನ್ನೊಂದು ಬದಿಯಲ್ಲಿ ನೇರವಾಗಿ ಕೆಜಿ. ಕುದುರೆಯ ಎದೆಗೆ ಸುತ್ತಿದರೆ ಅದರ ತೂಕ ಎಷ್ಟೆಂದು ಹೇಳುತ್ತದೆ. ಮಾರುವವರ ಮಾತಿನಂತೆ ಆ ತೂಕದ ಐದನೇ ಒಂದು ಭಾಗ ತೆಗೆದರೆ ಎಷ್ಟು ಭಾರದ ಸವಾರನನ್ನು ಹತ್ತಿಸಬಹುದು ಎಂಬ ಲೆಕ್ಕ ಮುಗಿಯಿತು. ಟೇಪು ಕೊಳ್ಳಬಹುದಾದ ಸಾಮಾನೇ. ಲೆಕ್ಕ ಮಾತ್ರ ಅಷ್ಟಕ್ಕೆ ಮುಗಿಯುವುದಿಲ್ಲ.

ಮೊದಲು ಸುತ್ತುವ ಕ್ರಮ. ಕುದುರೆ ಸಮತಟ್ಟಾದ ಗಟ್ಟಿ ನೆಲದ ಮೇಲೆ ನಾಲ್ಕೂ ಕಾಲಿಗೆ ಸಮನಾಗಿ ಭಾರ ಹಾಕಿ, ತಲೆಯನ್ನು ಸಹಜ ಎತ್ತರದಲ್ಲಿಟ್ಟು ನಿಂತಿರಬೇಕು. ತಲೆ ಬಗ್ಗಿಸಿ ಹುಲ್ಲು ತಿನ್ನುವಾಗ ಅಳೆದರೆ ಎದೆಸುತ್ತು ಬದಲಾಗುತ್ತದೆ. ಟೇಪು ಹೆಗಲ ದಿಬ್ಬದ ಹಿಂದಿನ ಇಳಿಜಾರಿನಿಂದ ಹೊರಟು, ಮುಂಗಾಲಿನ ಮೊಣಕೈ ಹಿಂದೆ ಹಾದು, ಎದೆಯಡಿಯಿಂದ ಮೇಲೆ ಬಂದು ಸೇರಬೇಕು. ಎಡಬದಿಯಲ್ಲಿ ಸರಿಯಾಗಿಟ್ಟು ಬಲಬದಿಯಲ್ಲಿ ಟೇಪು ಹೊಟ್ಟೆಯ ಕಡೆ ಜಾರಿರುವುದನ್ನು ಗಮನಿಸದೆ ಓದುವುದೇ ಎಲ್ಲರೂ ಮಾಡುವ ತಪ್ಪು. ಆದ್ದರಿಂದ ಆ ಬದಿಯಲ್ಲಿ ಕುದುರೆ ನೋಡಿಕೊಳ್ಳುವ ಸೈಸ್ ಒಬ್ಬ ನಿಂತು ನೋಡಲೇಬೇಕು. ಕೇಸರದ ಕೂದಲು ಟೇಪಿನಡಿ ಸಿಕ್ಕಿಕೊಂಡಿದ್ದರೆ ತೆಗೆಯಿರಿ. ಕುದುರೆ ಉಸಿರು ಬಿಟ್ಟ ಕೊನೆಯಲ್ಲಿ ಓದಿ. ಟೇಪು ಚರ್ಮಕ್ಕೆ ತಾಗಿರಬೇಕು, ಒತ್ತಬಾರದು. ಒಂದು ಬೆರಳು ಕಷ್ಟಪಟ್ಟು ನುಗ್ಗುವಷ್ಟು ಬಿಗಿ ಸಾಕು. ಮೂರು ಸಲ ಅಳೆದು ಸರಾಸರಿ ತೆಗೆಯಿರಿ. ಮೂರರಲ್ಲಿ ಎರಡು ಅಳತೆಗಳ ನಡುವೆ 3 ಸೆಂ.ಮೀ.ಗಿಂತ ಹೆಚ್ಚು ಅಂತರ ಬಂದರೆ ಟೇಪಿನ ತಪ್ಪಲ್ಲ, ಹಿಡಿದ ಕೈಯ ತಪ್ಪು.

ಇಷ್ಟೆಲ್ಲ ಸರಿಯಾಗಿ ಮಾಡಿದರೂ ಕೆಜಿ ಬದಿಯಲ್ಲಿ ಒಂದು ಹುಟ್ಟುದೋಷವಿದೆ. ಅದಕ್ಕೆ ಗೊತ್ತಿರುವುದು ಎದೆಸುತ್ತು ಒಂದೇ. ಕುದುರೆ ಉದ್ದವೋ ಗಿಡ್ಡವೋ ಅದಕ್ಕೆ ತಿಳಿಯದು. ಸಾಲದ್ದಕ್ಕೆ ಇಂಥ ಟೇಪುಗಳ ಅಂಕಿಗಳನ್ನು ಕೂರಿಸಿರುವುದು ಹೆಚ್ಚಾಗಿ ಪಾಶ್ಚಾತ್ಯ ತಳಿಗಳ ಮೈಕಟ್ಟಿನ ಮೇಲೆ. ಕಾಠಿಯಾವಾಡಿ, ಮಾರ್ವಾಡಿ ಕುದುರೆಗಳ ಎದೆ ಕಿರಿದು, ಕಾಲು ಉದ್ದ. ನಮ್ಮ ಗುಡ್ಡಗಾಡಿನ ತಟ್ಟುಗಳದ್ದು ಇನ್ನೊಂದೇ ಅಚ್ಚು.

ಹಾಗಾಗಿ ಟೇಪನ್ನು ತಿರುಗಿಸಿ ಸೆಂಟಿಮೀಟರ್ ಬದಿಯನ್ನೇ ಬಳಸಿ, ಇನ್ನೊಂದು ಅಳತೆ ಸೇರಿಸಿ: ಮೈಯುದ್ದ. ಎದೆಯ ಪಕ್ಕದಲ್ಲಿ ಮುಂದಕ್ಕೆ ಚಾಚಿಕೊಂಡು ಕೈಗೆ ಸಿಗುವ ಭುಜದ ಮೂಳೆಯ ತುದಿಯಿಂದ ಬಾಲದ ಕೆಳಗೆ ಪಕ್ಕದಲ್ಲಿ ಸಿಗುವ ಪಿರ್ರೆಮೂಳೆಯ ತುದಿಯವರೆಗೆ ನೇರ ಗೆರೆ. ಹೊಟ್ಟೆಯ ಉಬ್ಬಿನ ಮೇಲೆ ಟೇಪು ಬಾಗಬಾರದು, ಇಬ್ಬರು ಎರಡು ತುದಿ ಹಿಡಿದು ಬಿಗಿಯಾಗಿ ಎಳೆಯಬೇಕು. ಆಮೇಲೆ ಎದೆಸುತ್ತನ್ನು ಅದರಿಂದಲೇ ಗುಣಿಸಿ, ಮೈಯುದ್ದದಿಂದ ಮತ್ತೆ ಗುಣಿಸಿ, 11880ರಿಂದ ಭಾಗಿಸಿ. ಎಲ್ಲ ಅಳತೆಯೂ ಸೆಂ.ಮೀ.ನಲ್ಲಿದ್ದರೆ ಉತ್ತರ ಕೆಜಿಯಲ್ಲಿ ಬರುತ್ತದೆ. ಬೆಳೆದ ಕುದುರೆಗಳಿಗೆ ಪಶುವೈದ್ಯರು ಬಹುಕಾಲದಿಂದ ಬಳಸುತ್ತಿರುವ ಸೂತ್ರ ಇದು. ಮರಿಗಳಿಗೂ ತುಂಬು ಗಬ್ಬದ ಹೆಣ್ಣು ಕುದುರೆಗಳಿಗೂ ಇದು ಹೊಂದುವುದಿಲ್ಲ. ಅವುಗಳ ಮೇಲೆ ಜೀನು ಹಾಕುವ ಪ್ರಶ್ನೆಯೇ ಇಲ್ಲ ಬಿಡಿ.

ವ್ಯತ್ಯಾಸ ಎಷ್ಟಾಗುತ್ತದೆ ನೋಡಿ. ಎರಡು ಕುದುರೆ, ಎರಡಕ್ಕೂ ಎದೆಸುತ್ತು 165 ಸೆಂ.ಮೀ. ಒಂದರ ಮೈಯುದ್ದ 140, ಇನ್ನೊಂದರದ್ದು 158. ಸೂತ್ರದಲ್ಲಿ ಮೊದಲನೆಯದು 321 ಕೆಜಿ, ಎರಡನೆಯದು 362 ಕೆಜಿ. ಟೇಪಿನ ಕೆಜಿ ಬದಿ ಎರಡಕ್ಕೂ ಒಂದೇ ಅಂಕಿ ತೋರಿಸುತ್ತದೆ. 41 ಕೆಜಿಯ ಐದನೇ ಒಂದು ಭಾಗ ಎಂದರೆ ಸವಾರನ ತೂಕದಲ್ಲಿ 8 ಕೆಜಿ. ಗಿಡ್ಡ ಮೈಯ ಕುದುರೆಯ ಮೇಲೆ ಆ 8 ಕೆಜಿ ದಿನವೂ ಕೂತರೆ ಏನಾಗುತ್ತದೆ ಎಂಬುದು ಟೇಪು ಮಾರಿದವನ ತಲೆನೋವಲ್ಲ.

ಕೈ ತಪ್ಪಿದರೂ ಲೆಕ್ಕ ಎಲ್ಲಿಗೋ ಹೋಗುತ್ತದೆ, ಏಕೆಂದರೆ ಎದೆಸುತ್ತನ್ನು ಎರಡು ಸಲ ಗುಣಿಸುತ್ತೇವೆ. ಎದೆಸುತ್ತು 165, ಮೈಯುದ್ದ 150 ಇರುವ ಕುದುರೆ 344 ಕೆಜಿ. ಅದರ ಎದೆಸುತ್ತನ್ನು 2 ಸೆಂ.ಮೀ. ಹೆಚ್ಚಾಗಿ ಓದಿದರೆ 352, 5 ಸೆಂ.ಮೀ. ಹೆಚ್ಚಾಗಿ ಓದಿದರೆ 365. ಸಡಿಲ ಟೇಪು ಯಾವಾಗಲೂ ಕುದುರೆಗೆ ವಿರುದ್ಧವಾಗಿಯೇ ತಪ್ಪುತ್ತದೆ, ಇಲ್ಲದ ಬಲವನ್ನು ಇದೆ ಎಂದು ತೋರಿಸುತ್ತದೆ.

ಈ ವಿಶೇಷ ಟೇಪೇ ಬೇಡ ಎನ್ನುವವರಿಗೆ ದರ್ಜಿ ಟೇಪು ಆಗುವುದಿಲ್ಲ, ಅದು 150 ಸೆಂ.ಮೀ.ಗೇ ಮುಗಿಯುತ್ತದೆ, ಸಣ್ಣ ತಟ್ಟುವಿನ ಎದೆಗೆ ಮಾತ್ರ ಸಾಕು. ಹಿಗ್ಗದ ನೂಲಿನ ಹುರಿಯಿಂದ ಸುತ್ತಳತೆ ತೆಗೆದು, ಗಂಟು ಹಾಕಿ, ನೆಲದ ಮೇಲೆ ಹಾಸಿ ಅಳೆಯಬಹುದು. ನೈಲಾನ್ ಹಗ್ಗ ಹಿಗ್ಗುತ್ತದೆ, ಬೇಡ. ಬಡಗಿಯ ಸ್ಟೀಲ್ ಟೇಪು ಅಂತೂ ಲಾಯದ ಹತ್ತಿರ ತರಲೇಬೇಡಿ. ಅಂಚು ಚರ್ಮ ಗೀರುತ್ತದೆ, ಚಟ್ಟನೆ ಸುರುಳಿ ಸುತ್ತಿಕೊಳ್ಳುವ ಸದ್ದಿಗೆ ಬೆದರಿದ ಕುದುರೆ ಮುಂದಿನ ವಾರ ಯಾವ ಟೇಪನ್ನೂ ಹತ್ತಿರ ಬಿಟ್ಟುಕೊಳ್ಳುವುದಿಲ್ಲ. ಕಟ್ಟಡ ಸಾಮಾನಿನ ಅಂಗಡಿಯಲ್ಲಿ ಸಿಗುವ ಫೈಬರ್‌ಗ್ಲಾಸ್ ಟೇಪು ಸೆಂಟಿಮೀಟರ್ ಅಳತೆಗೆ ಈ ವಿಶೇಷ ಟೇಪಿನಷ್ಟೇ ಚೆನ್ನಾಗಿದೆ. ಹಾಗಿದ್ದರೆ ವಿಶೇಷ ಟೇಪು ಏಕೆ ಎಂದರೆ, ಅದು ಮೃದು, ಕುದುರೆಗೆ ಕಿರಿಕಿರಿ ಕಡಿಮೆ. ಜೊತೆಗೆ ಕೆಜಿ ಬದಿ ಒಂದು ಕೆಲಸಕ್ಕೆ ನಿಜವಾಗಿ ಬರುತ್ತದೆ: ಒಂದೇ ಕುದುರೆ, ಒಂದೇ ಕೈ, ವಾರಕ್ಕೊಮ್ಮೆ ಬೆಳಿಗ್ಗೆ ಮೇವಿಗೆ ಮುಂಚೆ. ಅಂಕಿ ಸರಿಯೋ ತಪ್ಪೋ, ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದು ಕಣ್ಣಿಗಿಂತ ಮೊದಲು ಗೊತ್ತಾಗುತ್ತದೆ. ಹುರುಳಿ ಕಡಿಮೆಯಾಯಿತೇ, ಹಲ್ಲು ಕೆಟ್ಟಿತೇ, ಹೊಟ್ಟೆಯಲ್ಲಿ ಹುಳವೇ ಎಂದು ಆಗಲೇ ವಿಚಾರಿಸಬಹುದು.

ನಿಜವಾದ ತೂಕವೇ ಬೇಕೆಂದರೆ ಲಾರಿ ತೂಗುವ ವೇಬ್ರಿಡ್ಜ್ ಇದೆ. ಕುದುರೆ ಸಾಗಿಸುವ ಗಾಡಿಯನ್ನು ಕುದುರೆಯ ಸಮೇತ ಒಮ್ಮೆ, ಇಳಿಸಿ ಒಮ್ಮೆ ತೂಗಿ ಕಳೆಯಿರಿ. ಡ್ರೈವರ್ ಮತ್ತು ಸೈಸ್ ಎರಡು ಸಲವೂ ಒಳಗಿರಲಿ ಅಥವಾ ಎರಡು ಸಲವೂ ಹೊರಗಿರಲಿ. ನಡುವೆ ಡೀಸೆಲ್ ಹಾಕಿಸಬೇಡಿ. ಅಲ್ಲಿನ ಅಂಕಿ ಸಾಮಾನ್ಯವಾಗಿ 5 ಅಥವಾ 10 ಕೆಜಿ ಹೆಜ್ಜೆಯಲ್ಲಿ ಏರುವುದರಿಂದ ಅಷ್ಟು ಆಚೀಚೆ ಇದ್ದೇ ಇರುತ್ತದೆ. ವರ್ಷಕ್ಕೊಮ್ಮೆ ಹೀಗೆ ತೂಗಿ, ಅದೇ ದಿನ ಟೇಪು ಹಾಕಿ, ಎರಡರ ಅಂತರವನ್ನು ಆ ಕುದುರೆಯ ಹೆಸರಿನ ಮುಂದೆ ಬರೆದಿಟ್ಟುಕೊಂಡರೆ ಮುಂದಿನ ಅಳತೆಗಳನ್ನು ಅದರಿಂದ ತಿದ್ದಿಕೊಳ್ಳಬಹುದು.

ತೂಕ ಸಿಕ್ಕಿತು. ಇನ್ನು ಆ ಐದನೇ ಒಂದು ಭಾಗ, ಶೇ. 20. ಅಶ್ವದಳಗಳ ಕಾಲದಿಂದ ಬಾಯಿಂದ ಬಾಯಿಗೆ ಬಂದ ಮಾತು ಇದು. ಅಮೆರಿಕದ ಓಹಾಯೊದಲ್ಲಿ 8 ಸವಾರಿ ಕುದುರೆಗಳ ಮೇಲೆ ಅವುಗಳ ತೂಕದ ಶೇ. 15, 20, 25, 30ರಷ್ಟು ಭಾರ ಹೇರಿ ಪರೀಕ್ಷಿಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಆಧಾರ ಕೊಟ್ಟಿತು. 15 ಮತ್ತು 20ರಲ್ಲಿ ಕುದುರೆಗಳು ತಡೆದುಕೊಂಡವು, 25 ಮತ್ತು 30ಕ್ಕೆ ಹೋದಾಗ ಎದೆಬಡಿತ ಏರಿತು, ಬೆನ್ನಿನ ಸ್ನಾಯು ನೋವು ಕಾಣಿಸಿತು. ಸೊಂಟ ಅಗಲವಾಗಿದ್ದ, ಮುಂಗಾಲಿನ ಮಂಡಿಯ ಕೆಳಗಿನ ಕ್ಯಾನನ್ ಮೂಳೆ ದಪ್ಪವಿದ್ದ ಕುದುರೆಗಳಿಗೆ ನೋವು ಕಡಿಮೆ. ಐಸ್‌ಲ್ಯಾಂಡಿನ ಗಿಡ್ಡ ಕುದುರೆಗಳು ದೊಡ್ಡವರನ್ನೂ ಹೊರುವುದಕ್ಕೆ ಹೆಸರಾದವು. ಅವುಗಳ ಮೇಲೆ ನಡೆದ ಅಧ್ಯಯನದಲ್ಲೂ ದೇಹ ಏದುಸಿರಿನ ದುಡಿಮೆಗೆ ಬೀಳುವ ಗಡಿ ಸರಾಸರಿ ಶೇ. 22.7ರ ಹತ್ತಿರ ಬಂತು, ಒಂದೊಂದು ಕುದುರೆಗೆ ಒಂದೊಂದು ಥರ. ಹೆಸರಿನ ಬಲಕ್ಕೂ ಮೈಯ ಬಲಕ್ಕೂ ಅಂತರ ಅಷ್ಟೆ.

ಗ್ರೀಸ್ ದೇಶ 2018ರಲ್ಲಿ ಸ್ಯಾಂಟೊರಿನಿ ದ್ವೀಪದ ಕತ್ತೆಗಳಿಗಾಗಿ ಮಾಡಿದ ನಿಯಮವೂ ಇದನ್ನೇ ಹಿಡಿದಿದೆ: 100 ಕೆಜಿ ಅಥವಾ ಪ್ರಾಣಿಯ ತೂಕದ ಐದನೇ ಒಂದು ಭಾಗ ಮೀರಬಾರದು. ನಮ್ಮಲ್ಲಿ 1965ರ ಹೊರೆ ಪ್ರಾಣಿಗಳ ನಿಯಮಾವಳಿ ಬೇರೆ ದಾರಿ ಹಿಡಿದಿದೆ. ಪ್ರಾಣಿಯ ತೂಕ ಕೇಳುವುದೇ ಇಲ್ಲ, ತಟ್ಟುವಿಗೆ 70 ಕೆಜಿ, ಹೇಸರಗತ್ತೆಗೆ 200, ಕತ್ತೆಗೆ 50 ಎಂದು ಗೆರೆ ಎಳೆದಿದೆ. ದಿನಕ್ಕೆ ಒಟ್ಟು 9 ಗಂಟೆ, ಬಿಡುವಿಲ್ಲದೆ 5 ಗಂಟೆ ಮೀರಿ ದುಡಿಸಬಾರದು, 37 ಡಿಗ್ರಿ ದಾಟುವ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ದುಡಿಸಲೇಬಾರದು ಎನ್ನುವ ಭಾಗ ಒಳ್ಳೆಯದು. 70 ಕೆಜಿಯ ಗೆರೆ ಮಾತ್ರ ಸಣ್ಣ ತಟ್ಟುವಿಗೆ ಭಾರಿಯೇ. ಎದೆಸುತ್ತು 140, ಮೈಯುದ್ದ 125 ಇರುವ ತಟ್ಟು 206 ಕೆಜಿ ತೂಗುತ್ತದೆ. 70 ಎಂದರೆ ಅದರ ಶೇ. 34. ಕಾನೂನು ಮುರಿಯದೆಯೂ ಬೆನ್ನು ಮುರಿಯಬಹುದು.

ಶೇ. 20ರಲ್ಲಿ ಜನ ಮರೆಯುವ ಮಾತು ಒಂದಿದೆ: ಅದು ಸವಾರನ ತೂಕವಲ್ಲ, ಬೆನ್ನ ಮೇಲಿನ ಒಟ್ಟು ತೂಕ. ತೊಗಲಿನ ಇಂಗ್ಲಿಷ್ ಜೀನು, ತಡಿ, ಕಾಲಿಡುವ ರಿಕಾಪು, ಹೊಟ್ಟೆಪಟ್ಟಿ ಎಲ್ಲ ಸೇರಿ 7ರಿಂದ 10 ಕೆಜಿ. ಕೌಬಾಯ್‌ಗಳ ಮಾದರಿಯ ವೆಸ್ಟರ್ನ್ ಜೀನು 14 ಕೆಜಿ ದಾಟುವುದು ಮಾಮೂಲು. ಹೆಲ್ಮೆಟ್, ಬೂಟು, ಬಟ್ಟೆಗೆ ಇನ್ನೆರಡು ಮೂರು ಕೆಜಿ. ಜೀನಿನ ತೂಕ ಗೊತ್ತಿಲ್ಲದಿದ್ದರೆ ಮನೆಯ ತೂಕದ ಯಂತ್ರದ ಮೇಲೆ ಅದನ್ನು ಹೊತ್ತು ನಿಂತು, ಇಳಿಸಿ ನಿಂತು, ಕಳೆಯಿರಿ. ಮೇಲಿನ 344 ಕೆಜಿ ಕುದುರೆಗೆ ಶೇ. 20 ಎಂದರೆ 68.8 ಕೆಜಿ, ಜೀನಿಗೆ 9, ಉಡುಪಿಗೆ 2.5 ಹೋದರೆ ಸವಾರನಿಗೆ ಉಳಿಯುವುದು 57. ಎಪ್ಪತ್ತು ಕೆಜಿಯ ಸಾಧಾರಣ ಗಂಡಸು ಈ ಕುದುರೆಗೆ ಆಗಲೇ ಹೆಚ್ಚು. 206 ಕೆಜಿಯ ತಟ್ಟುವಿಗೆ 41 ಕೆಜಿ, ಹಗುರ ಜೀನು ಉಡುಪು ಕಳೆದರೆ 34, ಅಂದರೆ ಹತ್ತು ಹನ್ನೊಂದು ವರ್ಷದ ಮಗು. ಊಟಿ, ಮಾಥೇರಾನ್‌ನಂಥ ಗಿರಿಧಾಮಗಳ ಕಡೆ ಕುದುರೆ ಕಂಡರೆ ಕಾಲುನೋವು ಶುರುವಾಗುವವರು ಹತ್ತುವ ಮೊದಲು ಈ ಲೆಕ್ಕ ಒಮ್ಮೆ ನೋಡಲಿ. ಎದೆಸುತ್ತು 183, ಮೈಯುದ್ದ 165 ಇರುವ ಥರೋಬ್ರೆಡ್, ಅಂದರೆ ರೇಸಿನ ತಳಿಯ ಕುದುರೆ, 465 ಕೆಜಿ; ಅದಕ್ಕೆ 93, ಸವಾರನ ಪಾಲಿಗೆ 81.

ಆದರೆ ಥರೋಬ್ರೆಡ್ ವಿಷಯದಲ್ಲಿ ಎಚ್ಚರ. ಬೆಂಗಳೂರು, ಮೈಸೂರಿನಂಥ ರೇಸಿನ ಊರುಗಳಲ್ಲಿ ಓಟ ಮುಗಿಸಿದ ಕುದುರೆಗಳು ಸವಾರಿ ಶಾಲೆಗಳಿಗೆ ಬರುವುದು ಸಾಮಾನ್ಯ. ಓಡುವಾಗ ಜಾಕಿ, ಜೀನು ಸೇರಿ ಐವತ್ತು ಅರವತ್ತು ಕೆಜಿ ಹೊತ್ತು ಅಭ್ಯಾಸವಾದ ಬೆನ್ನು ಅದು, ಅದೂ ಜಾಕಿ ರಿಕಾಪಿನ ಮೇಲೆ ನಿಂತಿರುವಾಗ. ಸೂತ್ರ 93 ಎಂದ ಮಾತ್ರಕ್ಕೆ ಬಂದ ವಾರವೇ ಕೂತು ಸವಾರಿ ಮಾಡುವ 80 ಕೆಜಿಯವರನ್ನು ಹತ್ತಿಸಿದರೆ ಬೆನ್ನು ಹಿಡಿದುಕೊಳ್ಳುತ್ತದೆ. ಹಗುರ ಸವಾರರಿಂದ ಶುರು ಮಾಡಿ ಕೆಲವು ತಿಂಗಳು ಬೆನ್ನಿನ ಸ್ನಾಯು ಕಟ್ಟಿಕೊಂಡ ಮೇಲೆ ಮಾತ್ರ ತೂಕ ಏರಿಸಬೇಕು.

ಶೇ. 20 ಮೇಲಿನ ಗಡಿ, ನಿತ್ಯದ ಗುರಿಯಲ್ಲ. ಹತ್ತುವ ಗುಡ್ಡ, ಮಳೆಗಾಲದ ಕೆಸರು, ಏಪ್ರಿಲ್ ಬಿಸಿಲು, ಕಲಿಯುವ ಸವಾರ, ಇಷ್ಟರಲ್ಲಿ ಒಂದಿದ್ದರೆ ಶೇ. 15ಕ್ಕೆ ಇಳಿಸಿ. ನಡಿಗೆಯಲ್ಲಿ ಬೆನ್ನ ಮೇಲೆ ಬೀಳುವ ಒತ್ತಡ ಹೆಚ್ಚು ಕಡಿಮೆ ಸವಾರನ ತೂಕದಷ್ಟೇ. ಕುಲುಕು ಓಟವಾದ ಟ್ರಾಟ್‌ನಲ್ಲಿ ಪ್ರತಿ ಹೆಜ್ಜೆಗೂ ಅದು ಸುಮಾರು ಎರಡು ಪಟ್ಟಿಗೆ ಏರುತ್ತದೆ. ಲಯ ಸಿಗದೆ ಧೊಪ್ ಧೊಪ್ ಎಂದು ಕೂರುವ 55 ಕೆಜಿಯವರು ಲಯ ಬಲ್ಲ 65 ಕೆಜಿಯವರಿಗಿಂತ ಭಾರ.

ಟೇಪಿಗೆ ಕಾಣದ ಇನ್ನೊಂದು ಸಂಗತಿ ಕೊಬ್ಬು. ದಪ್ಪ ಕುದುರೆ ಹೆಚ್ಚು ತೂಗುತ್ತದೆ, ಆದ್ದರಿಂದ ಹೆಚ್ಚು ಹೊರುತ್ತದೆ ಎಂದು ಸೂತ್ರ ಹೇಳುತ್ತದೆ. ನಿಜದಲ್ಲಿ ಕೊಬ್ಬು ಸ್ವತಃ ಒಬ್ಬ ಸವಾರ, ಇಳಿಸಲಾಗದ ಸವಾರ. ಹೆನೆಕ್ ಎಂಬವರು 1983ರಲ್ಲಿ ಕೊಟ್ಟ 1ರಿಂದ 9ರ ಮೈಸ್ಥಿತಿ ಅಂಕ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಪಕ್ಕೆಲುಬು ಕಣ್ಣಿಗೆ ಕಾಣದೆ ಕೈಗೆ ಸುಲಭವಾಗಿ ಸಿಕ್ಕರೆ 5, ಅದೇ ಹದ. ಅಲ್ಲಿಂದ ಮೇಲೆ ಹದಗಾತ್ರದ ಕುದುರೆಗೆ ಒಂದು ಅಂಕಕ್ಕೆ ಸುಮಾರು 16ರಿಂದ 20 ಕೆಜಿ ಕಳೆಯಿರಿ. ಸೂತ್ರದಲ್ಲಿ 400 ಕೆಜಿ ಬಂದ, ಬೆನ್ನಿನ ಮೇಲೆ ನೀರು ನಿಲ್ಲುವಂತೆ ಹಳ್ಳ ಬಿದ್ದ ಅಂಕ 8ರ ಕುದುರೆಗೆ ಲೆಕ್ಕ ಹಾಕಬೇಕಾದದ್ದು ಸುಮಾರು 345ಕ್ಕೆ. ಮಿತಿ 80 ಅಲ್ಲ, 69. ಅಂಕ 3 ಅಥವಾ ಕೆಳಗಿದ್ದರೆ ಲೆಕ್ಕವೇ ಬೇಡ, ಮೇವು ಹಾಕಿ. ಹೊಟ್ಟೆ ದೊಡ್ಡದಿದ್ದು ಪಕ್ಕೆಲುಬು ಎದ್ದು ಕಾಣುವ ತಟ್ಟುಗಳೂ ಇವೆ. ಅದು ಒಣಹುಲ್ಲಿನ ಹೊಟ್ಟೆ, ಮೈ ತುಂಬಿದ್ದಲ್ಲ.

ಇದೇ ಟೇಪಿನಿಂದ ಮುಂಗಾಲಿನ ಮಂಡಿಯ ಕೆಳಗೆ, ಕ್ಯಾನನ್ ಮೂಳೆಯ ತೀರಾ ಸಣ್ಣ ಭಾಗದ ಸುತ್ತಳತೆ ತೆಗೆಯಿರಿ. 450 ಕೆಜಿ ಕುದುರೆಗೆ ಸುಮಾರು 20 ಸೆಂ.ಮೀ. ಇರಬೇಕು ಎಂಬುದು ಹಳಬರ ಹೆಬ್ಬೆರಳ ಲೆಕ್ಕ. ಊದಿದ ಸ್ನಾಯುರಜ್ಜು, ಹಳೆಯ ಪೆಟ್ಟಿನ ಗಂಟು ಇದ್ದ ಕಾಲು ದಪ್ಪ ತೋರಿಸಿ ಮೋಸ ಮಾಡುತ್ತದೆ, ಆದ್ದರಿಂದ ಎರಡೂ ಕಾಲು ಅಳೆಯಿರಿ. ಆಮೇಲೆ ಸೊಂಟ: ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಯ ಮೂಲೆಗೂ ನಡುವೆ ಒಂದು ಅಂಗೈ ಅಗಲದಷ್ಟೇ ಜಾಗವಿದ್ದರೆ ಒಳ್ಳೆಯ ಹೊರೆಗಾರ. ಎರಡು ಅಂಗೈ ಹಿಡಿಸಿದರೆ, ಎಷ್ಟು ತೂಕವಿದ್ದರೂ ಒಂದು ಹೆಜ್ಜೆ ಕೆಳಗೇ ಇರಿ. ವಯಸ್ಸನ್ನೂ ನೋಡಿ. ಬೆನ್ನೆಲುಬಿನ ಬೆಳವಣಿಗೆ ಮುಗಿಯಲು ಐದಾರು ವರ್ಷ ಬೇಕು. ನಾಲ್ಕು ತುಂಬದ ಕುದುರೆಗೆ ಗಡಿಯ ಭಾರ ಹಾಕಬಾರದು.

ಜೀನು ಕೂರುವ ಜಾಗಕ್ಕೂ ತೂಕದಷ್ಟೇ ಬೆಲೆ. ಅದರ ಹಿಂದಿನ ಅಂಚು 18ನೇ ಪಕ್ಕೆಲುಬು ದಾಟಬಾರದು. ಭಾರದ ಸವಾರನಿಗೆ ದೊಡ್ಡ ಸೀಟು ಬೇಕು, ಗಿಡ್ಡ ಬೆನ್ನಿನ ಕುದುರೆಯಲ್ಲಿ ಅದಕ್ಕೆ ಜಾಗವಿಲ್ಲ. ಲೆಕ್ಕದಲ್ಲಿ ಪಾಸಾಗಿಯೂ ಕುದುರೆ ಕುಂಟುವುದು ಎಷ್ಟೋ ಸಲ ಇಲ್ಲೇ. ಇಂಗ್ಲೆಂಡಿನಲ್ಲಿ 6 ಕುದುರೆ, ಬೇರೆ ಬೇರೆ ತೂಕದ 4 ಸವಾರರನ್ನಿಟ್ಟು ಮಾಡಿದ ಪರೀಕ್ಷೆಯಲ್ಲಿ ಭಾರದ ಇಬ್ಬರ ಸವಾರಿಗಳನ್ನು ನಡುವೆಯೇ ನಿಲ್ಲಿಸಬೇಕಾಯಿತು, ಬಹುಪಾಲು ಕುದುರೆಗಳು ತಾತ್ಕಾಲಿಕವಾಗಿ ಕುಂಟಿದ್ದಕ್ಕೆ. ಅಲ್ಲಿ ತೂಕದ ಜೊತೆ ಸವಾರ ಜೀನಿನ ಹಿಂದಂಚಿಗೆ ಕೂತಿದ್ದೂ ಚರ್ಚೆಗೆ ಬಂತು. ಸವಾರ ಹತ್ತಿದ ಮೇಲೂ ಹೆಗಲ ದಿಬ್ಬ ಮತ್ತು ಜೀನಿನ ನಡುವೆ ಎರಡು ಮೂರು ಬೆರಳು ಹೋಗಬೇಕು. ಹತ್ತುವ ಮೊದಲು ಹೋಗಿ, ಹತ್ತಿದ ಮೇಲೆ ಹೋಗದಿದ್ದರೆ ಜೀನು ಆ ಜೋಡಿಗಲ್ಲ.

ಲೆಕ್ಕ ಸರಿಯಾಯಿತೇ ಎಂದು ಕುದುರೆಯನ್ನೇ ಕೇಳಬೇಕು. ಸವಾರಿಗೆ ಮುಂಚೆ ದವಡೆಯಡಿಯ ನಾಡಿಯನ್ನು 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿ. ಸುಮ್ಮನಿದ್ದಾಗ 28ರಿಂದ 44ರೊಳಗಿರುತ್ತದೆ. ದೂರದ ಸವಾರಿ ಪಂದ್ಯಗಳಲ್ಲಿ ವೈದ್ಯರು ಮುಂದಕ್ಕೆ ಬಿಡುವ ಗಡಿ 64. ಸಾಧಾರಣ ಸವಾರಿಯಾಗಿ ಕಾಲು ಗಂಟೆ ನೆರಳಲ್ಲಿ ನಿಂತರೂ 64ಕ್ಕೆ ಇಳಿಯದಿದ್ದರೆ ಭಾರವೋ ಬಿಸಿಲೋ ಓಟವೋ ಯಾವುದೋ ಹೆಚ್ಚಾಯಿತು. ಜೀನು ಬಿಚ್ಚಿದಾಗ ಬೆವರಿನ ನಡುವೆ ಒಣಗಿದ ಒಂದು ಬಿಲ್ಲೆ ಕಂಡರೆ ಅಲ್ಲಿ ಒತ್ತಡ ಕೂತಿರಬಹುದು. ತಿಂಗಳುಗಳಾದ ಮೇಲೆ ಅದೇ ಜಾಗದಲ್ಲಿ ಬಿಳಿಕೂದಲು ಹುಟ್ಟಬಹುದು. ಮಾರನೆಯ ಬೆಳಿಗ್ಗೆ ಬೆನ್ನೆಲುಬಿನ ಎರಡೂ ಪಕ್ಕ ಮೂರು ನಾಲ್ಕು ಬೆರಳಿನಷ್ಟು ದೂರದಲ್ಲಿ ಹೆಗಲಿಂದ ಸೊಂಟದವರೆಗೆ ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ ಸಾಗಿ. ಬೆನ್ನು ಕುಸಿಯುವುದು, ಕಿವಿ ಹಿಂದಕ್ಕೆ ಹೋಗುವುದು, ಬಾಲ ಬೀಸುವುದು ಬಂದರೆ ಆ ಸವಾರನಿಗೆ ಬೇರೆ ಕುದುರೆ ಕೊಡಿ, ಈ ಕುದುರೆಗೆ ಎರಡು ಮೂರು ದಿನ ಜೀನು ಬೇಡ.

ಮತ್ತೆ ಟೇಪಿನ ಬಾಳಿಕೆಗೆ ಬಂದರೆ, ಬಟ್ಟೆಯ ಪಟ್ಟಿ ಎಳೆದೆಳೆದು ಹಿಗ್ಗುತ್ತದೆ. ಮೂರು ತಿಂಗಳಿಗೊಮ್ಮೆ ಸ್ಟೀಲ್ ಸ್ಕೇಲಿನ ಪಕ್ಕದಲ್ಲಿಟ್ಟು ನೋಡಿ. ಹಿಗ್ಗಿದ ಟೇಪು ಕುದುರೆಯನ್ನು ಹಗುರವಾಗಿ ತೋರಿಸುತ್ತದೆ, ತೆಳ್ಳಗಾಗಿದೆ ಎಂದು ಸುಮ್ಮನೆ ಮೇವು ಹೆಚ್ಚಿಸುತ್ತೀರಿ. ಬೆವರು ಹತ್ತಿದ ಟೇಪನ್ನು ಒರೆಸದೆ ಸುತ್ತಿಟ್ಟರೆ ಮೊದಲು ಅಳಿಸುವುದು ಸೊನ್ನೆಯ ತುದಿಯ ಅಂಕಿಗಳೇ. ಆಗ ಸೆಂಟಿಮೀಟರ್ ಬದಿಯಲ್ಲಿ 10ರ ಗೆರೆಯಿಂದ ಹಿಡಿದು ಅಳೆದು ಕೊನೆಗೆ 10 ಕಳೆದರೆ ಇನ್ನೊಂದು ವರ್ಷ ನಡೆಯುತ್ತದೆ. ಕೆಜಿ ಬದಿಯಲ್ಲಿ ಈ ಉಪಾಯ ಸಾಗದು, ಅಲ್ಲಿನ ಗೆರೆಗಳ ನಡುವಿನ ಅಂತರ ಮೇಲೆ ಹೋದಂತೆ ಕಿರಿದಾಗುತ್ತದೆ.